ಗೆರಟೆಯ ಸೊಳ್ಳೆ ಕಂಪ್ಯೂಟರಿಗೆ ಕಾಣುವುದಿಲ್ಲ

ಕಂಪ್ಯೂಟರಿನೊಳಗೆ ಸೊಳ್ಳೆ ಹಾರಿಸುತ್ತಿರುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಲೆಕ್ಕದ ಪ್ರಕಾರ ಗುತ್ತಿಗಾರಿನ ನಮ್ಮ ವಾರ್ಡಿಗೆ ಡೆಂಗಿ ಬರುವ ಸಾಧ್ಯತೆ ಸೊನ್ನೆ. ಪತ್ರಿಕೆಯಲ್ಲಿ ಬಂದ ಈ ಶುಭವಾರ್ತೆಯನ್ನು, ಡೆಂಗಿಯಿಂದ ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿರುವ ನನ್ನ ಹೆಂಡತಿ ಕಮಲಾವತಿಗೆ ಓದಿ ಹೇಳಿದೆ. ವಾರದಲ್ಲಿ ಮೊದಲ ಸಲ ನಕ್ಕಳು. ಅದಕ್ಕಾಗಿ ಧನ್ಯವಾದಗಳು.

ಕಳೆದ ತಿಂಗಳ ಸಭೆಯಲ್ಲಿ ನೀವು ಗೋಡೆಯ ಮೇಲೆ ತೋರಿಸಿದ್ದನ್ನು ನಾನೂ ನೋಡಿದೆ. ಕಂಪ್ಯೂಟರಿನಲ್ಲೇ ಮಳೆ ಬಂತು, ನೀರು ನಿಂತಿತು, ಮೊಟ್ಟೆ ಒಡೆಯಿತು. ಪೇಟೆಯ ಟಯರಂಗಡಿ, ಹೂಕುಂಡಗಳಿಂದ ಎದ್ದ ಕೆಂಪು ಚುಕ್ಕೆಗಳು ಸುಳ್ಯವಿಡೀ ಹರಡಿದವು. ಬಹಳ ಶಿಸ್ತಿನ ಸೊಳ್ಳೆಗಳು, ನಮ್ಮ ಗುಡ್ಡದ ಕಡೆ ಒಂದೂ ತಲೆಹಾಕಲಿಲ್ಲ. ನಮ್ಮ ರಬ್ಬರ್ ತೋಟ ಇದರಲ್ಲಿ ಎಲ್ಲಿದೆ ಎಂದು ಕೇಳಿದ್ದಕ್ಕೆ ನಿಮ್ಮ ಸಹಾಯಕಿ ಹೇಳಿದರು: "ಉಪಗ್ರಹದ ಚಿತ್ರದಲ್ಲಿ ಹಸಿರು ಉಂಟಲ್ಲ, ಕಾಡು ಅಂತ ಹಾಕಿದ್ದು. ಕಾಡಲ್ಲಿ ನೀರು ನಿಲ್ಲುವ ಪಾತ್ರೆ ಎಲ್ಲಿಂದ ಬರುದು?"

ಮಾರಾಯ್ರೆ, ಆ ಕಾಡಿನ ಒಂದೊಂದು ಮರಕ್ಕೂ ರಬ್ಬರ್ ಹಾಲು ಹಿಡಿಯಲು ಒಂದೊಂದು ತೆಂಗಿನ ಗೆರಟೆ ಕಟ್ಟಿದ್ದೇವೆ. ನಾನೊಬ್ಬನೇ ತೊಗಟೆ ಗೀರಿ ಟ್ಯಾಪಿಂಗ್ ಮಾಡುವುದು ಮುನ್ನೂರು ಮರ. ಮಳೆ ಬಂದರೆ ಸೊಳ್ಳೆಗೆ ಮುನ್ನೂರು ಬಾಣಂತಿಕೋಣೆ. ಯಾವ ಟಯರಂಗಡಿ ಇದಕ್ಕೆ ಸಾಟಿ?

ತಪ್ಪೆಲ್ಲ ನಿಮ್ಮದೇ ಎನ್ನಲು ನನಗೆ ಬಾಯಿಲ್ಲ. ಮಳೆಗೆ ಟ್ಯಾಪಿಂಗ್ ನಿಲ್ಲಿಸಿದಾಗ ಗೆರಟೆ ಕವುಚಿ ಇಡುವುದು ನಮ್ಮಲ್ಲಿ ಕ್ರಮ. ಈ ವರ್ಷ ನಾಳೆ ಬಿಸಿಲು ಬಂದೀತು, ನಾಡಿದ್ದು ಬಂದೀತು ಎಂದು ಹದಿನೈದು ದಿನ ಹಾಗೇ ಬಿಟ್ಟೆ. ಆ ತೋಟಕ್ಕೆ ಸೌದೆಗೆ ಹೋದವಳು ಕಮಲಾವತಿ. ಅವಳ ಮುಖ ನೋಡುವಾಗ ನಾಚಿಕೆಯಾಗುತ್ತದೆ. ಈಗ ಎಲ್ಲವನ್ನೂ ಕವುಚಿ ಬಂದಿದ್ದೇನೆ. ಆದರೆ ನನ್ನಂಥ ಸೋಮಾರಿಗಳು ಇಲ್ಲಿಂದ ಕಡಬದವರೆಗೆ ಎಷ್ಟಿದ್ದಾರೆ, ಯಾರ ತೋಟಕ್ಕೆ ಮೊದಲು ಹೋಗಬೇಕು ಎಂದು ತಿಳಿಯಲು ನಿಮ್ಮ ಕಂಪ್ಯೂಟರೇ ಬೇಕು. ಅದನ್ನು ಬಿಸಾಡಿ ಎನ್ನುವುದಿಲ್ಲ, ನಮ್ಮ ಸೋಮಾರಿತನವನ್ನೂ ಅದಕ್ಕೆ ಕಲಿಸಿ.

ತಿದ್ದಿದ ಲೆಕ್ಕ ಮಳೆಗಾಲ ಮುಗಿದ ಮೇಲೆ ಬರುತ್ತದಂತೆ. ಅಲ್ಲಿಯವರೆಗೆ ನಿಮ್ಮ ಡೆಂಗಿ ಪಟ್ಟಿಯಲ್ಲಿಲ್ಲದ ವಾರ್ಡಿಗೆ ರಕ್ತಪರೀಕ್ಷೆ ಇಲ್ಲ. ನಮ್ಮ ನೆರೆಮನೆಯ ಭವಿತಾ ಐದು ತಿಂಗಳ ಬಸುರಿ, ನಿನ್ನೆಯಿಂದ ಜ್ವರ. ಆ ಗುಂಡಿ ರಸ್ತೆಯಲ್ಲಿ ಅವಳನ್ನು ಜೀಪು ಹತ್ತಿಸಲು ಮನೆಯವರಿಗೆ ಹೆದರಿಕೆ. ಆಶಾ ಕಾರ್ಯಕರ್ತೆ ಸುಪ್ರಿತಾರಿಗೆ ಫೋನ್ ಮಾಡಿದೆ. "ಬರ್ಲಿಕ್ಕೆ ನನಗೆ ಮನಸ್ಸುಂಟು ಮೇದಪ್ಪಣ್ಣ, ಆದರೆ ನಿಮ್ಮ ವಾರ್ಡಿಗೆ ಪರೀಕ್ಷೆಯ ಕಿಟ್ ಕೊಡುದಿಲ್ಲ" ಅಂದರು.

ಆ ಕಿಟ್ಟನ್ನು ನಾಳೆ ಬೆಳಿಗ್ಗೆ ಅವರ ಕೈಗೆ ಕೊಟ್ಟು ಕಳುಹಿಸಿ. ಆಗದಿದ್ದರೆ ನೀವೇ ಬಂದು, ಭವಿತಾಳ ಹಣೆ ಮುಟ್ಟಿ, ನಿನಗೆ ಜ್ವರ ಬಂದಿಲ್ಲ ಎಂದು ಹೇಳಿ ಹೋಗಿ.

ಇಂತಿ,
ಹೆಂಡತಿಯ ಹಾಸಿಗೆ ಪಕ್ಕ ಕುಳಿತು ತಡವಾಗಿ ಬುದ್ಧಿ ಕಲಿಯುತ್ತಿರುವ
ಮೇದಪ್ಪ, ಗುತ್ತಿಗಾರು