ಏಲೆರಾನಿನ ಅಂಚಿನ ಕೆಂಪು ಪಟ್ಟಿ

ಭಾವ,

ಇದನ್ನು ನಿಮಗೆ ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ. ನೀವು ತಪ್ಪು ಮಾಡಿದ್ದಿರಾ? ನಾವಿಬ್ಬರೂ ಕಟ್ಟಿದ ವಿಮಾನದ ರೆಕ್ಕೆಯ ಏಲೆರಾನ್ ತೂಗಿದರೆ ಹಿಂದಕ್ಕೆ ಬೀಳುತ್ತಿದೆ. ನಿಮ್ಮ ಕೈಯಲ್ಲಿ ಸಮನಾಗಿ ನಿಂತಿದ್ದ ಅದೇ ಏಲೆರಾನ್.

ಕೊಪ್ಪದ ನಿಮ್ಮ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಅದನ್ನು ತೂಗಿದ ಮಧ್ಯಾಹ್ನ ನೆನಪಿದೆ. ರೆಕ್ಕೆಯ ಹಿಂಬದಿಗೆ ಕೂತು ಮೇಲೆ ಕೆಳಗೆ ಆಡುವ ಆ ಉದ್ದ ಹಲಗೆಯ ಬಣ್ಣ ಒಣಗಿದ ಮೇಲೇ ಅದರ ಕೀಲಿನ ಹಿಂಜುಗಳನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದಿರಿ. ಹಿಂದಿನ ಅಂಚು ದೊಪ್ಪನೆ ಕೆಳಗಿಳಿಯಿತು. "ನೋಡು ಮಾರಾಯ, ಹಿಂಗೇ ಬಿಟ್ರೆ ಮೇಲೆ ಸ್ಪೀಡಲ್ಲಿ ಹೋಗುವಾಗ ಪಟಪಟ ಬಡ್ಕೊಳ್ತದೆ. ರೆಕ್ಕೆನೇ ಕಿತ್ತು ಹೋಗ್ತದೆ" ಅಂದಿರಿ. ಎನ್.ಆರ್.ಪುರದ ಹಿನ್ನೀರಿನಲ್ಲಿ ಬೀಸುತ್ತಿದ್ದ ಹಳೇ ಮೀನುಬಲೆಯ ಸೀಸದ ಗುಂಡುಗಳನ್ನು ಕರಗಿಸಿ ಹಿಂಜಿನ ಮುಂದೆ ಬೋಲ್ಟು ಹಾಕಿದಿರಿ. ಹಲಗೆ ತಕ್ಕಡಿ ದಂಡದ ಹಾಗೆ ನಿಂತಿತು. ಅಷ್ಟರಲ್ಲಿ ಕಾಫಿ ಆರಿ ಹೋಗಿತ್ತು.

ಆ ಕಾಫಿಯನ್ನು ಅಕ್ಕ ಎಂದಿನಂತೆ ಬಾಗಿಲಲ್ಲೇ ಇಟ್ಟು ಹೋಗಿದ್ದಳಲ್ಲ. "ಆ ದರಿದ್ರದ್ದರ ಮುಖ ನಾ ನೋಡಲ್ಲ" ಅನ್ನುತ್ತಿದ್ದಳು. ಅದು ನಿಮ್ಮನ್ನು ಮೇಲಿಂದ ಕೆಡವುತ್ತದೆ ಎಂಬ ಹೆದರಿಕೆ ಅವಳಿಗೆ. ಕಡೆಗೆ ನೀವು ಹೋಗಿದ್ದು ನೆಲದ ಮೇಲೆ, ಯಾರದೋ ಜೀಪಿನ ಅಡಿಯಲ್ಲಿ ಮಲಗಿದ್ದಾಗ, ಎದೆನೋವಿನಿಂದ. ಇದಕ್ಕೆ ನಾನು ಯಾರನ್ನು ಬೈಯಲಿ?

ಮೊನ್ನೆ ರೆಕ್ಕೆಗೆ ಜೋಡಿಸುವ ಮುಂಚೆ ಇನ್ನೊಮ್ಮೆ ತೂಗಿದೆ. ಎಡದ್ದೂ ಬಿತ್ತು, ಬಲದ್ದೂ ಬಿತ್ತು. ಸೀಸ ಇದ್ದಲ್ಲೇ ಇದೆ, ಬೋಲ್ಟು ಅಲುಗಿಲ್ಲ. ಮಳೆಗಾಲದ ಥಂಡಿಗೆ ಪ್ಲೈವುಡ್ ನೀರು ಕುಡಿಯಿತೇ? ಅಥವಾ ನೀವೇ ಅವತ್ತು... ನಿಮ್ಮ ಮೇಲೆ ಸಿಟ್ಟು ಬಂತು ಭಾವ. ಇದರಲ್ಲಿ ಕೂತು ಹಾರಬೇಕಾದವನು ನಾನು. ಇದೊಂದು ತಪ್ಪಿದ್ದರೆ ನಿಮ್ಮ ಕೆಲಸದಲ್ಲಿ ಇನ್ನು ಯಾವುದನ್ನು ನಂಬಲಿ?

ಎರಡರ ಹಿಂದಿನ ಅಂಚಿಗೂ ಇದ್ದ ಕೆಂಪು ಪಟ್ಟಿ ನಿಮ್ಮದೇ ಅಂದುಕೊಂಡಿದ್ದೆ. ಆಯುಧಪೂಜೆ ಬಂತೆಂದರೆ ಜೀಪು, ಜಾಕು, ಸ್ಪ್ಯಾನರ್ ಪೆಟ್ಟಿಗೆ ಎಲ್ಲಕ್ಕೂ ಕೆಂಪು ಎಳೆಯುವವರಲ್ಲವೇ ನೀವು. ಸವರಿದರೆ ಬಣ್ಣ ಬೆರಳಿಗೆ ದಪ್ಪಗೆ ಸಿಕ್ಕಿತು. ಅಕ್ಕನನ್ನು ಕೇಳಿದೆ, "ಭಾವ ಇದನ್ನ ಯಾವಾಗ ಹೊಡೆದ್ರು?"

ಅವಳು ಸೆರಗಿನ ತುದಿ ತಿರುವುತ್ತಾ ನಿಂತಳು. "ನಾನು ಹೊಡೆದಿದ್ದು ಕಣೋ. ಅವರು ತೀರ್ಕೊಂಡ ವರ್ಷ ನಮಗೆ ಹಬ್ಬ ಇಲ್ವಲ್ಲ. ಕುಂಕುಮ ಇಡೋಹಂಗಿಲ್ಲ, ಹೂ ಹಾಕೋಹಂಗಿಲ್ಲ. ಬಣ್ಣಕ್ಕೆ ಯಾರು ಬೇಡ ಅಂತಾರೆ? ಒಣಗಿದ ಮೇಲೆ ಮತ್ತೆ ಮತ್ತೆ ಹೊಡೆದೆ."

ಅಂಚನ್ನು ಕೆಳಗೆಳೆದದ್ದು ಆ ಬಣ್ಣದ ಭಾರ. ಕೆರೆದು ತೆಗೆಯುವುದೇ ಸರಿ ಎಂದು ಉಪ್ಪುಕಾಗದ ಕೈಗೆತ್ತಿಕೊಂಡೆ. ಅಕ್ಕನ ಮುಖ ನೋಡಿ ಕೆಳಗಿಟ್ಟೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವಳೇ ಅಟ್ಟದಿಂದ ಉಳಿದ ಬಲೆ ಇಳಿಸಿ ತಂದಳು. ಗುಂಡು ಬಿಚ್ಚಿ, ಕರಗಿಸಿ, ಮುಂದೆ ಸೇರಿಸುತ್ತಾ ಹೋದೆ. ಅಕ್ಕ ಬಗ್ಗಿ ಅಂಚು ನೋಡಿ "ಇನ್ನೊಂಚೂರು" ಅಂದಳು. ಹಾಕಿದೆ. ನಿಂತಿತು.

ಇಷ್ಟು ಸೀಸ ಹೆಚ್ಚಿಸಬಹುದೋ ಬಾರದೋ, ಈಗಲೂ ಗೊತ್ತಿಲ್ಲ. ತಿಳಿದವರು ಬಂದು ನೋಡುವ ತನಕ ಹಾರುವುದಿಲ್ಲ, ನಿಮ್ಮಾಣೆ. ನಿಮ್ಮ ಲೆಕ್ಕ ತಪ್ಪಿರಲಿಲ್ಲ, ಅಷ್ಟು ಗೊತ್ತು.

ಮತ್ತೆ ಭಾವ, ಇವತ್ತು ಅಕ್ಕ ಕಾಫಿಯನ್ನು ಬಾಗಿಲಲ್ಲಿ ಇಡಲಿಲ್ಲ. ಶೆಡ್ಡಿನೊಳಗೆ ತಂದು, ನಿಮ್ಮ ಸ್ಟೂಲಿನ ಮೇಲೆ ಕೂತು, ತಾನೂ ಕುಡಿದಳು.