ನನ್ನ ಎಲೆ ಮುಟ್ಟಬೇಡ

ಮಂಡ್ಯ

ಪುಟ್ಟಸ್ವಾಮಣ್ಣನಿಗೆ,

ನಿನ್ನೆ ನಿನ್ನ ಮಗನ ಬೀಗರೂಟದಲ್ಲಿ ನಾನು ಬೇಡವೆಂದರೂ ನೀನು ನನ್ನ ಎಲೆಗೆ ಇನ್ನೊಂದು ಮುದ್ದೆ ಹಾಕಿ, "ತಿನ್ನಮ್ಮಿ, ಒಳ್ಳೆ ರೋಗದೋಳಂಗೆ ಆಗಿದ್ದೀಯ" ಅಂದೆ. ಬೀಗರ ಮುಂದೆ ನಿನ್ನ ಮಾನ ಉಳಿಸಲು ನಾನು ತಿಂದು, ಚಪ್ಪರದ ಹಿಂದೆ ವಾಂತಿ ಮಾಡಿಕೊಂಡೆ. ತೂಕ ಇಳಿಸಲು ಹೊಟ್ಟೆ ಆಪರೇಷನ್ ಆದವರಿಗೆ ಅಷ್ಟು ಹಿಡಿಸುವುದಿಲ್ಲವೆಂದು ಡಾಕ್ಟರು ನಿನ್ನೆದುರೇ ಹೇಳಿದ್ದರು.

ರೋಗ ಇದ್ದದ್ದು ಮೊದಲು. ಈಗ ಇನ್ಸುಲಿನ್ ನಿಂತಿದೆ. ರೈಲ್ವೆ ಸ್ಟೇಷನ್ನಿನ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತೇನೆ. ದಪ್ಪಗಿದ್ದಾಗ ಊಟದ ಪಂಕ್ತಿಯಲ್ಲಿ "ಇವ್ಳಿಗೆ ಎರಡೆಲೆ ಆಕ್ರಲಾ" ಎಂದು ಎಲ್ಲರನ್ನೂ ನಗಿಸಿದವನೂ ನೀನೇ.

ನಿನ್ನ ಮಗಳು ನಯನಳ ಬೀಗರೂಟಕ್ಕೂ ಬರುತ್ತೇನೆ. ನನ್ನ ಎಲೆ ಮುಟ್ಟಬೇಡ. ನಿನ್ನ ಎಲೆಗೆ ನಾನೇ ಬಡಿಸುತ್ತೇನೆ, ಅರ್ಧ ಮುದ್ದೆ. ನಿನಗೂ ಸಕ್ಕರೆ ಕಾಯಿಲೆ ಬಂದಿರುವುದನ್ನು ಅತ್ತಿಗೆ ಹೇಳಿದರು. ಸಾಲದು ಅಂತ ಬೀಗರ ಮುಂದೆ ಕೇಳು, ನೋಡೋಣ.

ನಿನ್ನ ತಂಗಿ,
ವೀಣ