ತಾರ್ನೆಕ್ ಕೋಟೆಯ ಬೀಗದ ಕೈ

ಗಾಂಡ್‌ಹೋಫ್, ತಾರ್ನೆಕ್ ಕೋಟೆಯ ಕೆಳಗೆ
ವಿನ್ಶ್‌ಗಾವ್ ಕಣಿವೆ
ಆಗಸ್ಟ್ 21, ಬುಧವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮೇಲೆ ಹುಲ್ಲುಗಾವಲಿನಲ್ಲಿ ಚಳಿ ಶುರುವಾಗಿರಬೇಕು. ನಿನ್ನ ಸೊಸೆ ಬುರ್ಗ್ಲ್ ನಿನ್ನ ಉಣ್ಣೆಯ ಕಾಲುಚೀಲಗಳನ್ನು ಈ ಕಾಗದದ ಜೊತೆಗೇ ಸಾಮಾನಿನ ತೊಟ್ಟಿಲಲ್ಲಿಟ್ಟು, ಬೆಟ್ಟಕ್ಕೆ ಎಳೆದ ತಂತಿಯ ಮೇಲೆ ಕಳಿಸುತ್ತಿದ್ದಾಳೆ. ಸೆಪ್ ಮಾವನ ಚೀಸ್ ಈ ಸಲ ಚೆನ್ನಾಗಿ ಬಂದಿದೆಯಂತೆ, ಕೆಳಗಿಳಿದು ಬಂದ ದನಗಾಹಿ ಹೇಳಿದ. ನೀನು ಹೋಗಿದ್ದರಿಂದ ಚೆನ್ನಾಗಿ ಬಂತೋ, ನೀನು ಹೋಗಿಯೂ ಚೆನ್ನಾಗಿ ಬಂತೋ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನಿನಲ್ಲೇ ಮಾತಾಡೋಣವೆಂದರೆ ನೀನು ಸಿಗುವುದಿಲ್ಲ. ಮೊನ್ನೆ ಮಾವ ಸಿಗ್ನಲ್ಲಿಗಾಗಿ ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತು, “ನಿಮ್ಮಮ್ಮ ಇಲ್ಲೇ ಪಕ್ಕದಲ್ಲೇ ಇದಾಳೆ ಕಣೋ ಎಗೊನ್, ಆದ್ರೆ ಇಲ್ಲ ಅಂತ ಹೇಳು ಅಂತಿದಾಳೆ” ಎಂದ. ಹಾಗಾಗಿ ಈ ಕಾಗದ.

ನೀನು ಕೋಟೆಯ ಬೀಗದ ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬೆಟ್ಟ ಹತ್ತಿದ ದಿನದಿಂದ ಈ ಮನೆಯಲ್ಲಿ ಊಟವೂ ಇಲ್ಲ, ಓಟ ಮಾತ್ರ. ಬಾಗಿಲ ಕಂಬಕ್ಕೆ ಬೀಗದ ಕೈ ಇಡುವ ನಂಬರಿನ ಪೆಟ್ಟಿಗೆ ಹೊಡೆದದ್ದು ನಾನೇ. ಅದರಲ್ಲಿ ತಪ್ಪೇನಿತ್ತು ಅಂತ ಇವತ್ತಿಗೂ ಕೇಳುತ್ತೇನೆ. ಈ ಕಣಿವೆಯ ಕೋಟೆಗಳನ್ನೆಲ್ಲ ಪೋಣಿಸಿ, ನಡೆಯುವವರಿಗೊಂದು ದಾರಿ, ಮೋಟಾರ್‌ಸೈಕಲ್ಲಿನವರಿಗೊಂದು ದಾರಿ ಎಂದು ಪುಸ್ತಕ ಮಾಡಿದ ಪುಣ್ಯಾತ್ಮರು ಎರಡನ್ನೂ ತಂದು ನಮ್ಮ ಅಡಿಗೆಮನೆಯ ಬಾಗಿಲಲ್ಲೇ ಕೂಡಿಸಿದ್ದಾರೆ. “ತಾರ್ನೆಕ್: ಬೀಗದ ಕೈ ಕೆಳಗಿನ ಮನೆಯಲ್ಲಿ ಸಿಗುತ್ತದೆ, ಅಜ್ಜಿ ಒಳ್ಳೆಯವರು” ಎಂದು ಅಚ್ಚು ಹಾಕಿದ್ದಾರೆ. ನಡೆಯುವವರು ನೀರಿನ ಕಾಲುವೆಯ ಪಕ್ಕದ ದಾರಿ ಹಿಡಿದು ಹಾಲು ಕರೆಯುವ ಹೊತ್ತಿಗೇ ಬಂದು ನಿಲ್ಲುತ್ತಾರೆ. ಮೋಟಾರ್‌ಸೈಕಲ್ಲಿನವರು ಘಾಟಿ ಇಳಿದು, ಬುರ್ಗ್ಲ್ ಬ್ರೆಡ್ಡಿನ ಉಂಡೆಗಳನ್ನು ಬಿಸಿನೀರಿನಿಂದ ಎತ್ತುವುದನ್ನೇ ಕಾಯುತ್ತಿದ್ದವರ ಹಾಗೆ ಬಾಗಿಲು ತಟ್ಟುತ್ತಾರೆ. ನಾನೊಬ್ಬ ಹುಲ್ಲು ಕೊಯ್ಯಲೋ, ಬೀಗದ ಕೈ ಹಿಡಿದು ಕಾಯಲೋ? ಪೆಟ್ಟಿಗೆ ಬಂತು, ನಂಬರು ಒತ್ತಿ ತೆಗೆದುಕೊಳ್ಳಿ, ಕೆಲಸ ಮುಗಿದ ಮೇಲೆ ಅಲ್ಲೇ ಇಡಿ ಎಂದೆ. ಅಷ್ಟೇ ತಾನೆ?

ಆಮೇಲೆ ಆ ಮ್ಯೂನಿಕ್‌ನವನ ಕಥೆಯಾಯಿತು. ನಾನು ಹೊಲದಲ್ಲಿದ್ದೆ. ಅವನು ಪೆಟ್ಟಿಗೆಯಿಂದ ಬೀಗದ ಕೈ ತೆಗೆದುಕೊಂಡು, ಸವಾರಿಯ ಬೂಟಿನಲ್ಲೇ ಕಡಿದಾದ ದಾರಿ ಹತ್ತಿ, ಕೋಟೆಯೊಳಗಿನ ಹಳೇ ನೀರುಗುಂಡಿಯ ಹತ್ತಿರ ಜಾರಿ ಬಿದ್ದ. ಗುಂಡಿಯೊಳಗೆ ಬೀಳಲಿಲ್ಲ, ಅದು ಅವನ ಅಜ್ಜಿಯ ಪುಣ್ಯ. ಹುಲ್ಲಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಾಗ ಅವನು ಹೇಳಿದ್ದು ಒಂದೇ ಮಾತು: “ಅಲ್ಲಿ ಜಾರತ್ತೆ ಅಂತ ಯಾರೂ ಹೇಳ್ಲಿಲ್ಲ.” ನೀನಾಗಿದ್ದರೆ ಮೊದಲು ಅವನ ಬೂಟು ನೋಡುತ್ತಿದ್ದೆ, ಕೆಳಗಿನ ದಾರೀಲಿ ಹೋಗು ಎನ್ನುತ್ತಿದ್ದೆ, ಪೂರ್ವದ ಗೋಡೆಗೆ ಒರಗಬೇಡ ಎನ್ನುತ್ತಿದ್ದೆ. ಅದು ನನಗೆ ಗೊತ್ತಿಲ್ಲವೆಂದಲ್ಲ. ನೀನು ಅವನ ಮುಂದೆ ಬಾರ್ಲಿ ಸೂಪು ಇಟ್ಟೆ, ಅಷ್ಟೇ. ನನ್ನನ್ನು ಬೈದಿದ್ದರೆ ನಾನೂ ಎದುರು ಬೈದು ಹಗುರಾಗುತ್ತಿದ್ದೆ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ನೀನೂ ಇಲ್ಲ, ಬೀಗದ ಕೈಯೂ ಇಲ್ಲ. “ಕೊಡಕ್ಕೆ ಪೆಟ್ಟಿಗೆ ಇದ್ಯಲ್ಲ, ನಾನ್ಯಾಕೆ ಅಂತ ಹೇಳು ಅವನಿಗೆ” ಎಂದು ಬುರ್ಗ್ಲ್ ಹತ್ತಿರ ಹೇಳಿ ಹೋದೆಯಂತೆ.

ಈಗ ಜನ ಬರುತ್ತಾರೆ, ನಂಬರು ಒತ್ತುತ್ತಾರೆ, ಖಾಲಿ ಪೆಟ್ಟಿಗೆ ನೋಡುತ್ತಾರೆ, ಆಮೇಲೆ ಬಾಗಿಲನ್ನೂ ತಟ್ಟುತ್ತಾರೆ. ಮೊದಲು ಬಾಗಿಲು ಮಾತ್ರ ತೆಗೆಯಬೇಕಿತ್ತು, ಈಗ ಬಾಗಿಲೂ ತೆಗೆಯಬೇಕು, ಬೈಗುಳವೂ ತಿನ್ನಬೇಕು. ರೋಸಿಹೋಗಿ ಒಂದು ಹಲಗೆ ಬರೆದು ತೂಗುಹಾಕಿದೆ: “ಬೀಗದ ಕೈ ಇಲ್ಲಿಲ್ಲ, ಬಾಗಿಲು ಬಡಿಯಬೇಡಿ, ಕೋಟೆ ಎಲ್ಲಿಗೂ ಹೋಗಲ್ಲ, ಹೊರಗಿನಿಂದಲೇ ನೋಡಿ.” ಪ್ರಾಸ ಚೆನ್ನಾಗಿಯೇ ಕೂತಿತು, ಪರಿಣಾಮ ಮಾತ್ರ ತಿರುಗಿ ಬಿತ್ತು. ಯಾರೋ ಫೋಟೋ ತೆಗೆದು ಎಲ್ಲೋ ಹಾಕಿದರು. ಈಗ ಕೋಟೆ ಬೇಡದವರೂ ಹಲಗೆ ನೋಡಲು ಬರುತ್ತಿದ್ದಾರೆ, ಬಂದವರು ಬಾಗಿಲು ತಟ್ಟಿ ಬರೆದವರು ಯಾರು ಅಂತ ಕೇಳುತ್ತಾರೆ. ನಾನೇ ಎಂದರೆ ನಂಬುವುದಿಲ್ಲ. “ಹೌದಾ? ಹಾಗಾದ್ರೆ ಅಜ್ಜಿ ಎಲ್ಲಿ?” ನಿನ್ನೆ ಒಬ್ಬ ಗಡ್ಡದವನು ಬಂದಿದ್ದ. “ಹೋದ್ ವರ್ಷ ಅಜ್ಜಿ ನನ್ನ ಹೆಲ್ಮೆಟ್ ಅಡ ಇಟ್ಕೊಂಡು ಬೀಗದ ಕೈ ಕೊಟ್ಟಿದ್ರು. ನೀವೇನ್ ಇಟ್ಕೋತೀರಿ ಯಜಮಾನ್ರೆ?” ತಾಳ್ಮೆ ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಇದೆಲ್ಲ ಸಹಿಸಿಕೊಂಡೇನು. ಆದರೆ ಈ ಶನಿವಾರ ಕೋಟೆಯ ಗುಡಿಯ ಸಂತ ಬಾರ್ತಲೋಮೆಯ ಹಬ್ಬ. ವಿಯೆನ್ನಾದಿಂದ ಕೋಟೆಯೊಡತಿ ಬರುತ್ತಾಳೆ, ಎಲ್ಲರ ಹಾಗೆ ನಮ್ಮ ಬಾಗಿಲು ತಟ್ಟಿ ಬೀಗದ ಕೈ ಕೇಳುತ್ತಾಳೆ. ಕೇಳಿದವರಿಗೆ ಬೀಗದ ಕೈ ಕೊಡುತ್ತಿರುವವರೆಗೆ ಕೋಟೆಯ ಊಟೆಯ ನೀರು ನಮ್ಮದು ಎಂಬುದೇ ಕರಾರು. ಕೊಡದಿದ್ದರೆ ಬೀಗದ ಕೈಯ ಜೊತೆಗೆ ನೀರೂ ಬೇರೆ ಮನೆಗೆ. ಬಂದವರು ಬರಿಗೈಲಿ ಹೋಗುತ್ತಿದ್ದಾರೆಂದು ದೂರು ಮುಟ್ಟಿದೆಯೆಂದು ಅವಳ ಪಾರುಪತ್ಯಗಾರ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದ. ಆ ಮರ್ಯಾದೆಗೇ ನನಗೆ ಹೆದರಿಕೆ. ನೆರೆಮನೆಯ ಪಿಂಗೆರಾ ಆಗಲೇ ತನ್ನ ಬೇಲಿಗೆ ಬಣ್ಣ ಬಳಿಯುತ್ತಿದ್ದಾನೆ. “ನಮ್ಮನೇಲಿ ಯಾವಾಗ್ಲೂ ಯಾರಾದ್ರೂ ಇರ್ತಾರಪ್ಪ” ಎಂದು, ನಾನು ಕೇಳದಿದ್ದರೂ, ಬೇಲಿಯಾಚೆಯಿಂದ ಹೇಳಿದ. ಆ ನೀರಿಲ್ಲದಿದ್ದರೆ ಮೇಲಿನ ಸೇಬಿನ ತೋಟವನ್ನು ಕಡಿದು ಒಲೆಗೆ ಹಾಕಬೇಕು. ಅಪ್ಪ ನೆಟ್ಟ ಮರಗಳು, ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಬುರ್ಗ್ಲ್ ಅಷ್ಟು ದೂರ ಹತ್ತಿ ಬಂದು ಕೇಳಿದರೆ “ಏನ್ ಅಡ ಇಡ್ತೀಯಮ್ಮ?” ಎಂದೆಯಂತೆ. ಅವಳು ಮದುವೆಯ ಉಂಗುರ ತೋರಿಸಿದರೆ, “ಅದು ಬೇಡ, ಅದರ ಬೆಲೆ ನಂಗೊತ್ತು, ನನ್ನ ಮಗನನ್ನೇ ಅಲ್ವ ನೀನು ಕಟ್ಕೊಂಡಿರೋದು” ಎಂದೆಯಂತೆ. ಅವಳು ಅದನ್ನು ಹೇಳಿಕೊಂಡು ಮೂರು ದಿನದಿಂದ ನಗುತ್ತಿದ್ದಾಳೆ. ನೀವಿಬ್ಬರೂ ಒಂದು ಪಕ್ಷ, ನಾನೊಬ್ಬನೇ ಪಕ್ಷಾಂತರವಿಲ್ಲದ ವಿರೋಧಪಕ್ಷ. ಇರಲಿ. ಕಾಲುಚೀಲ ತೆಗೆದುಕೊಂಡ ಮೇಲೆ ಅದೇ ತೊಟ್ಟಿಲಲ್ಲಿ ಬೀಗದ ಕೈ ಇಟ್ಟು ಕಳಿಸು. ಶನಿವಾರ ಒಂದು ಕಳೆಯಲಿ, ಆಮೇಲೆ ಪೆಟ್ಟಿಗೆಯ ಸರಿತಪ್ಪು ಕೂತು ಮಾತಾಡೋಣ.

ಸೆಪ್ ಮಾವನಿಗೆ ನಮಸ್ಕಾರ ತಿಳಿಸು. ಸಂಜೆ ಹೊರಗೆ ಕೂರಬೇಡ, ಮಂಡಿಗೆ ಗಾಳಿ ತಾಗಿಸಬೇಡ, ನನ್ನ ಮೇಲೆ ಸಿಟ್ಟಿದ್ದರೂ ಊಟ ಬಿಡಬೇಡ.

ನಿನ್ನ ಮಗ,
ಎಗೊನ್

ಮರೆತೆ: ಬೀಗದ ಕೈಯನ್ನು ತೊಟ್ಟಿಲಲ್ಲಿ ಇಡಬೇಡ. ಈಗಷ್ಟೇ ಕಾಗದ ಮಡಿಸುವಾಗ ಇಬ್ಬರು ಹುಡುಗಿಯರು ಬಂದು ಬಾಗಿಲು ತಟ್ಟಿದರು. ಬೀಗದ ಕೈ ಇಲ್ಲ ಎಂದು ಹೇಳುವ ಮೊದಲೇ, ನನಗೇ ಗೊತ್ತಿಲ್ಲದ ಹಾಗೆ, ಅವರ ಚಪ್ಪಲಿ ನೋಡಿ ಕೆಳಗಿನ ದಾರೀಲಿ ಹೋಗಿ ಎಂದುಬಿಟ್ಟೆ. ಅವರು ಹೋದಮೇಲೆ ಸುತ್ತಿಗೆ ತಂದು ಪೆಟ್ಟಿಗೆಯನ್ನು ಕಿತ್ತುಹಾಕಿದೆ. ತಾತನ ಬಾಗಿಲ ಕಂಬದಲ್ಲಿ ನಾಲ್ಕು ತೂತು ಉಳಿದಿವೆ, ನೋಡುವುದಕ್ಕೆ ಬಹಳ ಕೆಟ್ಟದಾಗಿವೆ. ಬೈಯುವುದಕ್ಕಾದರೂ ಶುಕ್ರವಾರದೊಳಗೆ ಇಳಿದು ಬಾ. ಅರ್ಧ ದಾರಿಯಲ್ಲಿ, ಗಾಡಿ ಬರುವಷ್ಟು ದೂರ ಬಂದು, ಕಾಯುತ್ತಿರುತ್ತೇನೆ.